ಕೊನೆಯ ಸ್ಟಾಪಿನಾಚೆ

ನಮ್ಮಣ್ಣ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಊರಿನ ಗಡಿಯಾರಗಳೆಲ್ಲ ಅವನ ಬಸ್ಸನ್ನು ನೋಡಿಕೊಂಡು ತಮ್ಮ ಮುಳ್ಳು ಸರಿಪಡಿಸಿಕೊಳ್ಳುತ್ತಿದ್ದವು. ಇದು ಸುಳ್ಳು ಅನ್ನುವವರು ದಯವಿಟ್ಟು ನನ್ನ ಕಟಿಂಗ್ ಶಾಪಿಗೆ ಬಂದು, ಕುರ್ಚಿಯಲ್ಲಿ ಕೂತು, ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು, ಕತ್ತಿ ನನ್ನ ಕೈಯಲ್ಲಿರುವಾಗ ಆ ಮಾತು ಹೇಳಲಿ.

ಆ ಬಸ್ಸಿನ ಕಂಡಕ್ಟರ್ ನಮ್ಮತ್ತಿಗೆ. ಗಂಡ ಡ್ರೈವರ್, ಹೆಂಡತಿ ಕಂಡಕ್ಟರ್; ಒಂದೇ ಬಸ್ಸು, ಒಂದೇ ರೂಟು. ಊರಿನ ಬಸ್ ಸ್ಟ್ಯಾಂಡಿನಿಂದ ಹೊರಟು, ಸಿಮೆಂಟ್ ಕಾರ್ಖಾನೆ ದಾಟಿ, ಬಯಲು ದಾಟಿ, ನೀರು ಕಾಣದ ಕಾರಂಜಿಯೊಂದು ನಿಂತಿರುವ ಸರ್ಕಲ್ಲಿನವರೆಗೆ. ಅಲ್ಲಿ ಟೀ ಕುಡಿದು, ಕಾರಂಜಿಗೆ ಒಂದು ಸುತ್ತು ಹಾಕಿ, ವಾಪಸು. ರಸ್ತೆಯೇನೋ ಅಲ್ಲಿಗೆ ಮುಗಿಯುವುದಿಲ್ಲ. ಅದು ದೇಶದ ಹೊಟ್ಟೆ ಸೀಳಿಕೊಂಡು ಆಚೆ ಕಡಲಿನವರೆಗೂ ಹೋಗುತ್ತದೆ. ಆದರೆ ಲೆಕ್ಕ ಹಾಕಿದರೆ ಚಂದ್ರನಿಗೆ ಹೋಗಿ ಬಂದು ಮತ್ತೆ ಅರ್ಧ ದಾರಿ ಹೋಗುವಷ್ಟು ಬಸ್ಸು ಓಡಿಸಿದ ಅಣ್ಣ, ಆ ಕಾರಂಜಿಯಿಂದಾಚೆಗೆ ಒಂದು ಮಾರು ಹೋದವನಲ್ಲ.

ಅವರಿಬ್ಬರ ಕೆಲಸದ ಕ್ರಮವೇ ಬೇರೆ. ಅಣ್ಣ ಹಿಂದಕ್ಕೆ ತಿರುಗಿ ನೋಡುತ್ತಿರಲಿಲ್ಲ. ಅತ್ತಿಗೆ ‘ರೈಟ್’ ಅಂದರೆ ಹೊರಡಬೇಕು, ‘ಹೋಲ್ಡಾನ್’ ಅಂದರೆ ನಿಲ್ಲಬೇಕು. ನಡುವೆ ಮಾತಿಲ್ಲ. ಅತ್ತಿಗೆಯೂ ಅಷ್ಟೇ, ಸ್ಟಿಯರಿಂಗ್ ಹಿಡಿದವನು ಯಾವ ಕಡೆ ತಿರುಗಿಸಿದರೂ ಬಾಯಿ ಹಾಕುತ್ತಿರಲಿಲ್ಲ. ಎಷ್ಟೋ ಮದುವೆಗಳು ಮುರಿದುಬೀಳುವುದು ಈ ಎರಡು ಪದ ಗೊತ್ತಿಲ್ಲದೆ ಎಂದು ನಾನು ಗಿರಾಕಿಗಳಿಗೆ ಹೇಳುತ್ತಿರುತ್ತೇನೆ.

ಇಬ್ಬರೂ ಒಟ್ಟಿಗೇ ನಿವೃತ್ತರಾಗಿ ಮನೆಗೆ ಬಂದು ಕೂತರು ನೋಡಿ, ಅಲ್ಲಿಂದ ಮನೆಗೆ ನೆಮ್ಮದಿ ತಪ್ಪಿತು. ನಮ್ಮ ಮನೆ ಉದ್ದಕ್ಕೆ ರೈಲಿನ ಹಾಗಿದೆ. ಬೀದಿಗೆ ನನ್ನ ಅಂಗಡಿ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ. ಮೇಲೆ ಅಣ್ಣನ ಮಗ, ಸೊಸೆ, ಮೊಮ್ಮಗಳು ಪುಟ್ಟಿ. ಮಗ ಕನ್ನಡಕದಂಗಡಿಯಲ್ಲಿ ಗಾಜು ಅರೆಯುವವನು. ಸೊಸೆ ಆಸ್ಪತ್ರೆಯಲ್ಲಿ ನರ್ಸು. ನಾನು ಮದುವೆಯಾಗದವನು, ಊರಿನ ಹೆಣ್ಣುಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಜಗಳವಾಡಬಾರದಲ್ಲ ಎಂದು ಸುಮ್ಮನಾದೆ.

ಅತ್ತಿಗೆ ಊಟಕ್ಕೆ ಬಡಿಸುವಾಗ, “ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ” ಎಂದು ನಮ್ಮನ್ನೆಲ್ಲ ಗೋಡೆಗೆ ಒತ್ತುತ್ತಿದ್ದಳು. ತಾನು ಮಾತ್ರ ಬಾಗಿಲ ಚೌಕಟ್ಟಿಗೆ ಸೊಂಟ ಆನಿಸಿ ನಿಂತೇ ಉಣ್ಣುತ್ತಿದ್ದಳು. ಅಣ್ಣ ಬೆಳಗ್ಗೆ ಎದ್ದು ಅಂಗಳದ ಹೂಕುಂಡಗಳನ್ನು ಒಂದೊಂದಾಗಿ ಕಾಲಿನಿಂದ ಒದ್ದು ನೋಡುತ್ತಿದ್ದ, ಟೈರಿನಲ್ಲಿ ಗಾಳಿ ಇದೆಯೋ ಇಲ್ಲವೋ ಅನ್ನುವ ಹಾಗೆ. ಅವನ ಕಾಟಕ್ಕೆ ಗುಲಾಬಿ ಗಿಡ ಹೂ ಬಿಡುವುದನ್ನೇ ನಿಲ್ಲಿಸಿತು. ಅಂಗಡಿಗೆ ಬಂದು ಕೂರುತ್ತಿದ್ದ, ಪೇಪರು ತಿರುವುತ್ತಿದ್ದ, ಏಳುತ್ತಿದ್ದ, ಅಡುಗೆಮನೆಗೆ ಹೋಗುತ್ತಿದ್ದ, ಮತ್ತೆ ಅಂಗಡಿಗೆ. ಒಂದು ದಿನ ನಡುಮನೆಯ ನೆಲದಲ್ಲಿ ಅವನ ಕಾಲಿನಿಂದ ಗಾಡಿಜಾಡು ಬಿದ್ದಿದ್ದನ್ನು ನಾನು ಕಣ್ಣಾರೆ ಕಂಡೆ.

ಅವನ ಹಿಂದೆ ಹಿಂದೆ ಸ್ಟೆಪ್ನಿ. ಸ್ಟೆಪ್ನಿ ಅಂದರೆ ನಾಯಿ. ಡಿಪೋದಲ್ಲಿ ಒಂದು ಹಳೇ ಸ್ಟೆಪ್ನಿ ಟೈರಿನೊಳಗೆ ಮರಿಯಾಗಿ ಸಿಕ್ಕಿದ್ದು, ಬಸ್ಸಿನ ಕೊನೇ ಸೀಟಿನ ಕೆಳಗೆ ಬೆಳೆದದ್ದು. ಅದೂ ನಿವೃತ್ತಿಯಾಗಿ ಮನೆಗೆ ಬಂದಿತ್ತು. ಕಿವಿ ಒಂದು ನಿಂತರೆ ಇನ್ನೊಂದು ಮಲಗುತ್ತಿತ್ತು, ಪಾಳಿಯ ಮೇಲೆ ಕೆಲಸ ಮಾಡುವವರ ಹಾಗೆ.

ಇಂಥ ದಿನಗಳಲ್ಲೊಮ್ಮೆ ಅಣ್ಣ ಒಂದು ವ್ಯಾನು ತಂದು ಮನೆಮುಂದೆ ನಿಲ್ಲಿಸಿದ. ಬೇಕರಿಯವರು ಬ್ರೆಡ್ಡು ಸಾಗಿಸಿ ಸಾಗಿಸಿ ಸುಸ್ತು ಮಾಡಿ ಮೂಲೆಗೆ ತಳ್ಳಿದ್ದು. ಬಾಗಿಲು ತೆರೆದರೆ ಸಾಕು, ಮೂರು ಬೀದಿಯ ಮಕ್ಕಳಿಗೆ ಹಸಿವಾಗುತ್ತಿತ್ತು. ಸ್ಟೆಪ್ನಿ ಒಳಹೊಕ್ಕು ನೆಲವನ್ನು ನೆಕ್ಕತೊಡಗಿದ್ದು ಮಾರನೆಯ ದಿನದವರೆಗೂ ಮುಗಿಸಲಿಲ್ಲ. ಅಣ್ಣ ಬ್ರೆಡ್ಡಿನ ಹಲಗೆಗಳನ್ನು ಕಿತ್ತು ಮಲಗಲು ಮಂಚ ಹೊಡೆದ. ಅತ್ತಿಗೆ ಕಿಟಕಿಗೆ ಪರದೆ ಹೊಲಿದಳು. ಆಮೇಲೆ ಒಂದು ಸಂಜೆ ಊಟಕ್ಕೆ ಕೂತಾಗ ಅಣ್ಣ, ಉಪ್ಪು ಕೊಡು ಅನ್ನುವಷ್ಟೇ ಸಲೀಸಾಗಿ, ತಾವಿಬ್ಬರೂ ನಾಯಿಯನ್ನು ಕರೆದುಕೊಂಡು ದೇಶದ ಆಚೆ ತುದಿಗೆ ಹೋಗುವುದಾಗಿ ಹೇಳಿದ.

ಮಗನ ಬಾಯಿಗೆ ಹೋಗುತ್ತಿದ್ದ ತುತ್ತು ಗಾಳಿಯಲ್ಲೇ ನಿಂತಿತು.

“ಎಷ್ಟು ದಿನ?”

“ರಸ್ತೆ ಮುಗಿಯೋ ತನಕ” ಅಂದ ಅಣ್ಣ.

“ಅಡುಗೆ ಯಾರು ಮಾಡ್ತಾರೆ? ಪುಟ್ಟೀನ ಸ್ಕೂಲಿಂದ ಯಾರು ಕರ್ಕೊಂಡ್ ಬರ್ತಾರೆ? ಬರೋ ತಿಂಗಳಿಂದ ಇವಳಿಗೆ ನೈಟ್ ಡ್ಯೂಟಿ ಅನ್ನೋದು ಗೊತ್ತಲ್ವಾ ನಿಮಗೆ?”

ಗೊತ್ತಿಲ್ಲದೆ ಏನು. ಸೊಸೆಗೆ ರಾತ್ರಿ ವಾರ್ಡಿನ ಹಿರಿಯ ನರ್ಸ್ ಎಂದು ಬಡ್ತಿ ಬಂದಿತ್ತು. ಅದಕ್ಕಾಗಿ ಅವಳು ಕಾದ ವರ್ಷಗಳಲ್ಲಿ ಬೇರೆಯವರಾಗಿದ್ದರೆ ಆಸ್ಪತ್ರೆಯನ್ನೇ ಕಟ್ಟುತ್ತಿದ್ದರು. ಮನೆಯಲ್ಲಿ ಅತ್ತೆ ಮಾವ ಇದ್ದಾರೆ, ಮಗುವಿಗೆ ತೊಂದರೆಯಿಲ್ಲ ಎಂದು ಅವಳು ಒಪ್ಪಿಕೊಂಡದ್ದು. ಎಲ್ಲರೂ ಅವಳ ಮುಖ ನೋಡಿದರು. ಅವಳು ಪುಟ್ಟಿಯ ತಟ್ಟೆಗೆ ಪಲ್ಯ ಹಾಕುತ್ತ, ಹೋಗಿ ಬರಲಿ, ಆಮೇಲಿನದು ಆಮೇಲೆ ಅಂದಳು. ಮಗನಿಗೆ ಅದು ಸಮಾಧಾನವಾಗಲಿಲ್ಲ. ವಯಸ್ಸು, ಮಂಡಿನೋವು, ಗಾಡಿಯ ವಯಸ್ಸು, ನಾಯಿಯ ವಯಸ್ಸು ಎಂದು ಒಂದೊಂದನ್ನೇ ಗಾಜು ಅರೆದ ಹಾಗೆ ಅರೆದ. ಕೊನೆಗೆ ಅಮ್ಮನ ಕಡೆ ತಿರುಗಿ, ನೀನಾದರೂ ಹೇಳಬಾರದೇ ಎಂದು ಕೇಳಿದ.

ಅತ್ತಿಗೆ ಚೌಕಟ್ಟಿಗೆ ಆನಿಕೊಂಡೇ ಹೇಳಿದಳು: “ನಾನು ಇಷ್ಟು ವರ್ಷ ನಿಂತ್ಕೊಂಡೇ ಕಿಟಕಿಯಾಚೆ ನೋಡಿದೀನಪ್ಪ. ಒಂದ್ಸಲ ಕೂತ್ಕೊಂಡು ನೋಡ್ತೀನಿ.”

ಮಗ ಎದ್ದು ಕೈ ತೊಳೆಯಲು ಹೋದ. ಅದಕ್ಕೆ ನನ್ನ ಬಳಿ ಒಂದೆರಡು ನೂರು ಉತ್ತರ ಇದ್ದವು, ಆದರೆ ಬಾಯಿತುಂಬ ಅನ್ನವಿತ್ತು.

ಅವರು ಹೊರಟ ಬೆಳಗ್ಗೆ ಬೀದಿಗೆ ಬೀದಿಯೇ ನಿಂತಿತ್ತು. ಬಾಗಿಲಿಗೆ ಅಡ್ಡ ನಿಂತ ಜನರನ್ನು ಸರಿಸಲು ನಾನು ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಬಿಟ್ಟು ಹೋಗಬೇಕಾಯಿತು. ಆ ಮನುಷ್ಯ ಉಳಿದರ್ಧದೊಂದಿಗೆ ಬಂದು ತಾನೂ ಕೈಬೀಸಿದ. ಅತ್ತಿಗೆ ಹಿಂದುಗಡೆ ಹತ್ತಿ, ಸ್ಟೆಪ್ನಿಯನ್ನು ಎತ್ತಿಕೊಂಡು, ಬಾಗಿಲು ಹಾಕಿ ‘ರೈಟ್’ ಅಂದಳು. ಅಣ್ಣ ಹೊರಟ. ಪುಟ್ಟಿ ಅತ್ತಳು. ಮಗ ಗಡಿಯಾರ ನೋಡಿಕೊಂಡ. ಸೊಸೆ ಒಳಗೆ ಹೋಗಿ ಒಲೆ ಹಚ್ಚಿದಳು.

ಮುಂದೆ ದಾರಿಯಲ್ಲಿ ನಡೆದದ್ದನ್ನು ನಾನು ಆಮೇಲೆ ಇಬ್ಬರಿಂದಲೂ ಬೇರೆ ಬೇರೆಯಾಗಿ ಹಿಂಡಿ ತೆಗೆದೆ. ಅಣ್ಣ ಪ್ರತಿ ಸ್ಟಾಪಿನಲ್ಲೂ ನಿಧಾನ ಮಾಡಿದ. ಬೇಕೆಂದು ಅಲ್ಲ, ಕಾಲು ತಾನೇ ಬ್ರೇಕಿಗೆ ಹೋಯಿತು. ಸಿಮೆಂಟ್ ಕಾರ್ಖಾನೆಯ ಗೇಟಿನ ಹತ್ತಿರ ಒಬ್ಬಳು ಅಜ್ಜಿ ಮೂಟೆಯ ಸಮೇತ ಹಿಂಬಾಗಿಲು ತೆಗೆದು ಹತ್ತಿದಳು. ಹಳೇ ಪರಿಚಯದ ಅಜ್ಜಿ; ಎಂದಿನ ಡ್ರೈವರ್, ಎಂದಿನ ಕಂಡಕ್ಟರ್, ಬಸ್ಸು ಮಾತ್ರ ಸ್ವಲ್ಪ ಇಳಿದುಹೋಗಿದೆ ಅಂದುಕೊಂಡಿರಬೇಕು. ಅತ್ತಿಗೆ ಬೇಡ ಅನ್ನಲಿಲ್ಲ, ಒಳಗೆ ಹೋಗಿ ಅಂದಳು. ಮುಂದಿನ ಸ್ಟಾಪಿನಲ್ಲಿ ಇಬ್ಬರು ಹತ್ತಿದರು. ಬಯಲು ದಾಟುವಷ್ಟರಲ್ಲಿ ಬ್ರೆಡ್ ವ್ಯಾನಿನೊಳಗೆ ಅರ್ಧ ಜಿಲ್ಲೆ ಕೂತಿತ್ತಂತೆ, ಮಂಚದ ಮೇಲೆ ಒಂದು ಕೋಳಿಪಂಜರವೂ ಇತ್ತಂತೆ. ದೇಶಸಂಚಾರಕ್ಕೆ ಹೊರಟ ನಮ್ಮತ್ತಿಗೆ ಕೂರಲು ಜಾಗವಿಲ್ಲದೆ ನಿಂತೇ ಇದ್ದಳು.

ಸರ್ಕಲ್ಲಿನಲ್ಲಿ ಎಲ್ಲರೂ ಇಳಿದರು. ಇಬ್ಬರೂ ಟೀ ಕುಡಿದರು. ಸ್ಟೆಪ್ನಿ ತನ್ನ ಹಳೇ ಕಂಬಕ್ಕೆ ಹೋಗಿ ಬಂತು. ಅಣ್ಣ ಮುಖ ತೊಳೆದು, ನಾಲ್ಕೂ ಟೈರು ಒದ್ದು, ಏರಿ ಕೂತ. ಹಿಂದಿನಿಂದ ‘ರೈಟ್’ ಬಂತು. ಅಣ್ಣ ಸ್ಟಿಯರಿಂಗ್ ತಿರುಗಿಸಿದ, ಕಾರಂಜಿಗೆ ಸುತ್ತು ಹಾಕಿದ, ನೆಟ್ಟಗೆ ಮನೆಗೆ ಬಂದ.

ಇದನ್ನು ನಾನು ಉಪ್ಪು ಖಾರ ಹಚ್ಚಿ ಹೇಳುತ್ತಿಲ್ಲ. ಈ ಕಥೆಯಲ್ಲಿ ನಾನು ಏನನ್ನೂ ಸೇರಿಸದ ಜಾಗ ಇದೊಂದೇ. ಸಂಜೆ ಸೊಸೆ ಬೀನ್ಸ್ ಹೆಚ್ಚುತ್ತಿದ್ದಳು, ಮಗ ಪಾತ್ರೆ ತೊಳೆದು ಎರಡು ಲೋಟ ಒಡೆದಿದ್ದ. ಮನೆಮುಂದೆ ಬ್ರೆಡ್ಡಿನ ವಾಸನೆ ಬಂತು. ಸ್ಟೆಪ್ನಿ ಇಳಿದು ಬಂದು ತನ್ನ ಗೋಣಿಯ ಮೇಲೆ ಮಲಗಿತು. ಆಗ ಅಣ್ಣನಿಗೆ ತಾನೆಲ್ಲಿದ್ದೇನೆಂದು ಗೊತ್ತಾದದ್ದು. ಎಂಜಿನ್ ಆರಿಸದೆ ಹಾಗೇ ಕೂತಿದ್ದ, ಯಾರೋ ಅವನನ್ನು ಬೇರೆಯವರ ಮನೆಮುಂದೆ ಇಳಿಸಿ ಹೋದ ಹಾಗೆ.

ನಾವು ನಕ್ಕೆವು. ಪುಟ್ಟಿ ಅಜ್ಜನ ಕೊರಳಿಗೆ ಬಿದ್ದು ನಕ್ಕಳು. ನಾನು ನಕ್ಕ ರಭಸಕ್ಕೆ ಅಂಗಡಿಯ ಕನ್ನಡಿ ಸೀಳು ಬಿಟ್ಟಿತು. ಈ ಸುದ್ದಿ ಮನೆಯ ನಾಲ್ಕು ಗೋಡೆಯ ಆಚೆ ಹೋಗಬಾರದೆಂದು ತೀರ್ಮಾನಿಸಿ, ಬಹಳ ನಂಬಿಕೆಯ ಗಿರಾಕಿಗಳಿಗೆ ಮಾತ್ರ ಹೇಳಿದೆ. ಮರುದಿನ ಊರಿನಲ್ಲಿ ಯಾರಾದರೂ ಒಂದು ಕೆಲಸಕ್ಕೆ ಹೋಗಿ ಮಾಡದೆ ವಾಪಸು ಬಂದರೆ, ‘ಏನಪ್ಪ, ಕಾರಂಜಿ ಸುತ್ತಿ ಬಂದ್ಯಾ’ ಎಂದು ಕೇಳುವುದು ಶುರುವಾಯಿತು.

ನಗದೇ ಇದ್ದವರು ಇಬ್ಬರು, ಸೊಸೆ ಮತ್ತು ಮಗ. ಮಗ ನಗದಿದ್ದದ್ದು ಬೇರೆ ಕಾರಣಕ್ಕೆ. ಅವನು ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತು, ದಾರಿಯಲ್ಲಿ ಏನೇನು ಕಂಡಿರಿ, ಟೀ ಅಂಗಡಿಯಲ್ಲಿ ಯಾರಿದ್ದರು, ಇವತ್ತು ಯಾವ ವಾರ ಎಂದು ವಿಚಾರಿಸಿದ. ಅಣ್ಣ ವಾರ ಸರಿಯಾಗಿಯೇ ಹೇಳಿದ. ಆದರೂ ಮಗ ವ್ಯಾನಿನ ಕೀಲಿಯನ್ನು ಮೊಳೆಯಿಂದ ತೆಗೆದು ಜೇಬಿಗೆ ಹಾಕಿಕೊಂಡ. ಮರೆವು ಹೀಗೆಯೇ ಶುರುವಾಗುವುದಂತೆ. ಡಾಕ್ಟರಿಗೆ ತೋರಿಸಿ, ಅವರು ಸರಿ ಅನ್ನುವ ತನಕ ಅಪ್ಪ ಸ್ಟಿಯರಿಂಗ್ ಮುಟ್ಟಕೂಡದಂತೆ. ಕೀಲಿ ಕನ್ನಡಕದಂಗಡಿಯ ಡ್ರಾಯರಿಗೆ ಹೋಯಿತು. ನಾನಾಗಿದ್ದರೆ ಭೂಮಿ ಆಕಾಶ ಒಂದು ಮಾಡುತ್ತಿದ್ದೆ. ಅಣ್ಣ ಸುಮ್ಮನಿದ್ದ. ಅವನಿಗೇ ಅನುಮಾನ ಹುಟ್ಟಿಬಿಟ್ಟಿತ್ತು.

ಆಮೇಲಿನ ವಾರಗಳಲ್ಲಿ ಮನೆ ಎಣ್ಣೆ ಹಾಕಿದ ಹಾಗೆ ನಡೆಯಿತು. ಹೊತ್ತಿಗೆ ಸರಿಯಾಗಿ ಊಟ, ಪುಟ್ಟಿಯ ಜಡೆ ನೇರ, ಮಗನ ಅಂಗಿಗೆ ಇಸ್ತ್ರಿ. ಮಗ ದಪ್ಪಗಾಗತೊಡಗಿದ. ಅಣ್ಣ ಮಾತ್ರ ಅರ್ಧವಾದ. ಬೆಳಗ್ಗೆ ಹೂಕುಂಡ ಒದೆಯುವುದನ್ನು ಬಿಟ್ಟ. ಗುಲಾಬಿ ಗಿಡ ಹೂ ಬಿಟ್ಟಿತು, ಅದನ್ನು ನೋಡುವವರೇ ಇರಲಿಲ್ಲ. ಅಡುಗೆಮನೆಯಲ್ಲಿ ಒಂದು ಡಬ್ಬಿ ಎತ್ತಿಕೊಂಡು, ಇದನ್ನು ಯಾಕೆ ಎತ್ತಿಕೊಂಡೆ ಎಂದು ತನ್ನನ್ನೇ ಪರೀಕ್ಷೆ ಮಾಡಿಕೊಳ್ಳುತ್ತ ನಿಲ್ಲುತ್ತಿದ್ದ. ಗಡ್ಡಕ್ಕೆ ಬಂದು ಕೂತಾಗ ನಮ್ಮ ಅಪ್ಪನ ಅಪ್ಪನ ಊರು ಯಾವುದು, ನಮ್ಮ ಮೊದಲನೇ ಬಸ್ಸಿನ ಬಣ್ಣ ಯಾವುದು ಎಂದು ಕೇಳುತ್ತಿದ್ದ. ಉತ್ತರ ನನಗೆ ಗೊತ್ತಿದೆಯೋ ನೋಡಲು ಅಲ್ಲ, ತನಗೆ ಗೊತ್ತಿದೆಯೋ ನೋಡಲು. ಬೀದಿಯಲ್ಲಿ ನಿಂತ ವ್ಯಾನಿನ ಒಳಗೆ ಸ್ಟೆಪ್ನಿಯೊಂದೇ ದಿನವಿಡೀ ಕೂತಿರುತ್ತಿತ್ತು. ಕರೆದರೆ ಇಳಿಯುತ್ತಿರಲಿಲ್ಲ.

ಅತ್ತಿಗೆಗೂ ಏನೋ ಆಗಿತ್ತು. ಬಡಿಸುವಾಗ ಯಾರನ್ನೂ ಒಳಗೆ ಹೋಗಿ ಅನ್ನುತ್ತಿರಲಿಲ್ಲ. ಒಂದೇ ನೆಲವನ್ನು ಎರಡು ಸಲ ಒರೆಸುತ್ತಿದ್ದಳು. ಪಾತ್ರೆ ಇಡುವ ಸದ್ದಿಗೆ ಆಚೆ ಬೀದಿಯ ಹಸುಗೂಸುಗಳು ಬೆಚ್ಚುತ್ತಿದ್ದವು.

ಡಾಕ್ಟರ ಹತ್ತಿರ ಹೋಗುವುದು ಮಾರನೆಯ ದಿನ ಎಂದು ಗೊತ್ತಾದ ಮಧ್ಯಾಹ್ನ ಅದು ಹೊರಬಿತ್ತು. ರಜಾದಿನ, ಎಲ್ಲರೂ ಊಟಕ್ಕಿದ್ದೆವು. ಮಗ ಅಪ್ಪನಿಗೆ ಸಮಾಧಾನ ಹೇಳುತ್ತಿದ್ದ. ಏನೂ ಆಗುವುದಿಲ್ಲ, ನಾಲ್ಕು ಪ್ರಶ್ನೆ ಕೇಳುತ್ತಾರೆ, ಮಾತ್ರೆ ಕೊಡುತ್ತಾರೆ, ವ್ಯಾನನ್ನು ಯಾರಿಗಾದರೂ ಕೊಟ್ಟುಬಿಟ್ಟರೆ ಮನಸ್ಸಿಗೂ ನಿರಾಳ. ಅಣ್ಣ ತಲೆಯಾಡಿಸಿದ. ಅತ್ತಿಗೆ ಸಾರಿನ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

“ನನಗೆ ಗೊತ್ತಿತ್ತು” ಅಂದಳು.

“ಏನು ಗೊತ್ತಿತ್ತು?” ಮಗ ಕೇಳಿದ.

“ಕಾರಂಜಿ ಸುತ್ತೋವಾಗಲೇ ಗೊತ್ತಿತ್ತು. ಇವರು ವಾಪಸ್ ತಿರುಗಿಸ್ತಿದಾರೆ ಅಂತ. ಹೋಲ್ಡಾನ್ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ, ಮನೇಲಿ ಕಾಳು ನೆನೆಹಾಕಿ ಬಂದಿದೀನಿ, ಅದನ್ನ ಬೇಯಿಸೋದು ನಿಮಗೆ ನೆನಪಿರುತ್ತೋ ಇಲ್ವೋ ಅಂತ ಅನ್ನಿಸ್ತು. ಬಾಯಿ ಮುಚ್ಕೊಂಡೆ.”

ಮಗ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

“ಸಿಮೆಂಟ್ ಕಾರ್ಖಾನೆ ಬಂದಾಗ ಹೇಳೋಣ ಅಂದ್ಕೊಂಡೆ. ಬೇಡ, ಹೇಗೂ ಇಷ್ಟು ದೂರ ಬಂದಾಯ್ತು ಅಂದ್ಕೊಂಡೆ” ಅಂದಳು ಅತ್ತಿಗೆ. “ಇವರಿಗೆ ಮರೆವಿಲ್ಲ ಏನಿಲ್ಲ. ನಾನು ರೈಟ್ ಅಂದೆ, ಇವರ ಕೈ ತಿರುಗ್ತು, ಅಷ್ಟೇ.”

ಅಣ್ಣ ತಟ್ಟೆಯಿಂದ ಕೈ ತೆಗೆದ. ಹೆಂಡತಿಯ ಮೇಲೆ ಅವನು ದನಿ ಎತ್ತಿದ್ದನ್ನು ನಾನು ಕಂಡವನಲ್ಲ, ಆವತ್ತೂ ಎತ್ತಲಿಲ್ಲ. ಅದೇ ಕಷ್ಟವಾದದ್ದು.

“ಇಷ್ಟು ದಿನ ನನ್ನ ತಲೆ ಕೆಟ್ಟಿದೆ ಅಂತ ಮನೆಯೋರೆಲ್ಲ ಮಾತಾಡ್ತಾ ಇದ್ರೆ, ನೀನು ಬಡಿಸ್ತಾ ನಿಂತಿದ್ದೆ.”

“ನಿಂತಿದ್ದೆ.”

“ಒಂದ್ಮಾತು ಹೇಳಬಹುದಿತ್ತು ಕಂಡಕ್ಟ್ರೇ.”

“ಹೇಳಿದ್ರೆ ಮತ್ತೆ ಹೊರಡಬೇಕಾಗ್ತಿತ್ತು” ಅಂದಳು ಅತ್ತಿಗೆ. “ನನಗೆ ಭಯ ಆಯ್ತು ರೀ. ಆ ಕಡೆ ಒಂದು ಸ್ಟಾಪಿನ ಹೆಸರೂ ನನಗೆ ಗೊತ್ತಿಲ್ಲ.”

ಅಣ್ಣ ಎದ್ದು ಹೋಗಿ ವ್ಯಾನಿನಲ್ಲಿ ನಾಯಿಯ ಪಕ್ಕ ಕೂತ. ಮಗ ಅಮ್ಮನಿಗೆ, ಸದ್ಯ ಮರೆವಿನ ಕಾಯಿಲೆ ಅಲ್ಲ ಅಂತಾಯಿತಲ್ಲ, ಒಳ್ಳೆಯದೇ ಆಯಿತು, ಅಮ್ಮನಿಗೂ ಇಷ್ಟವಿಲ್ಲ ಅಂದಮೇಲೆ ಇನ್ನು ಹೋಗುವ ಮಾತು ಬೇಡ ಅಂದ. ಎಲ್ಲ ಮುಗಿದ ಖುಷಿಯಲ್ಲಿ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳಲು ತಟ್ಟೆ ಮುಂದೆ ಹಿಡಿದ.

ಆ ತಟ್ಟೆಯನ್ನು ಸೊಸೆ ಕೆಳಗಿಳಿಸಿದಳು.

“ಅತ್ತೆಗೆ ಇಷ್ಟ ಇಲ್ಲ ಅಂತ ಅವರು ಹೇಳಲಿಲ್ಲ. ಭಯ ಆಯ್ತು ಅಂದ್ರು. ಕೀಲಿ ಕೊಡಿ.”

“ನಿನಗ್ಯಾಕೆ ಕೀಲಿ?”

“ನಾನು ಕಾರಂಜಿ ದಾಟಿಸಿ ಬರ್ತೀನಿ.”

ಸೊಸೆಗೆ ಗಾಡಿ ಕಲಿಸಿದವನು ಅಣ್ಣನೇ. ಮದುವೆಯಾಗಿ ಬಂದ ಹೊಸದರಲ್ಲಿ ಡಿಪೋದ ಹಿಂದಿನ ಮೈದಾನಕ್ಕೆ ಕರೆದುಕೊಂಡು ಹೋಗಿ, ಅವಳು ತಪ್ಪು ಮಾಡಿದಾಗಲೆಲ್ಲ ನನ್ನನ್ನು ಬೈದು ಕಲಿಸಿದ. ಅವಳು ಓಡಿಸುವುದು ಹೇಗೆಂದರೆ, ಗಾಡಿಯ ಮೇಲೆ ತುಂಬಿದ ಲೋಟ ಇಟ್ಟರೂ ಊರು ತಲುಪುವ ತನಕ ಒಂದು ಹನಿ ಚೆಲ್ಲುವುದಿಲ್ಲ.

ಮಗ ಜಗಳಕ್ಕೆ ನಿಂತ. ನಿನ್ನ ಡ್ಯೂಟಿಯ ಗತಿಯೇನು, ಪುಟ್ಟಿಯ ಗತಿಯೇನು, ನಿನಗೋಸ್ಕರವೇ ತಾನೇ ನಾನು ಅವರನ್ನು ತಡೆದದ್ದು ಎಂದು ಕೂಗಾಡಿದ. ಅವಳು ಕೇಳಿಸಿಕೊಂಡಳು.

“ನನಗೋಸ್ಕರ ಅಂತ ಹೇಳಬೇಡಿ. ಅವರು ಇಲ್ಲಿ ಕೂತಿರೋದು ನಮ್ಮ ಅನ್ನ ಬೇಯಿಸೋಕೆ ಅಂತಾದ್ರೆ, ಆ ಅನ್ನ ನನಗೆ ಇಳಿಯಲ್ಲ. ನಾನು ರಾತ್ರಿ ಹೋಗ್ತೀನಿ, ನೀವು ಮಗೂನ ನೋಡ್ಕೊಳ್ಳಿ. ಸೌದೆ ಒಡೆಯೋ ಕೆಲಸ ಏನಲ್ಲ, ಬರೀ ಅಡುಗೆ.”

“ನನಗೆ ಬರಲ್ಲ.”

“ನನಗೂ ಬರ್ತಿರಲಿಲ್ಲ.”

ಡಾಕ್ಟರಿಗೆ ಅಣ್ಣನನ್ನು ತೋರಿಸಿಯೇ ಕಳಿಸಿದರು. ಅಷ್ಟು ಮಾತ್ರ ಮಗ ಬಿಡಲಿಲ್ಲ. ಡಾಕ್ಟರು ಕೇಳಿದ್ದಕ್ಕೆಲ್ಲ ಅಣ್ಣ ಉತ್ತರ ಕೊಟ್ಟು, ಕೇಳದೇ ಇದ್ದ ಇನ್ನಷ್ಟಕ್ಕೂ ಕೊಟ್ಟು, ಕೊನೆಗೆ ಡಾಕ್ಟರಿಗೇ ತಲೆನೋವು ಬಂತೆಂದು ಕೇಳಿದ್ದೇನೆ. ಕೀಲಿ ಡ್ರಾಯರಿನಿಂದ ಹೊರಬಂತು. ಆದರೆ ಅಣ್ಣ ಅತ್ತಿಗೆಯ ನಡುವೆ ಮಾತು ನಿಂತುಹೋಗಿತ್ತು. ಸಾಮಾನು ತುಂಬುವಾಗ ಅತ್ತಿಗೆ ಇಟ್ಟದ್ದನ್ನು ಅಣ್ಣ ತೆಗೆದು ಬೇರೆ ಕಡೆ ಇಟ್ಟ, ಅವನಿಟ್ಟದ್ದನ್ನು ಅವಳು. ಒಂದೇ ಸ್ಟೋವು ವ್ಯಾನಿನೊಳಗೆ ನೂರು ಮೈಲಿ ಪ್ರಯಾಣ ಮಾಡಿರಬೇಕು.

ಎರಡನೆಯ ಸಲ ಹೊರಟಾಗ ಬೀದಿಯಲ್ಲಿ ಯಾರೂ ನಿಂತಿರಲಿಲ್ಲ. ಅಂಗಡಿಗೆ ಬೀಗ ಹಾಕಿ ನಾನೂ ಹತ್ತಿಕೊಂಡೆ, ದಾರಿಯಲ್ಲಿ ಏನಾದರೂ ಹೆಚ್ಚು ಕಡಿಮೆಯಾದರೆ ಗಂಡಸರೊಬ್ಬರು ಬೇಕಲ್ಲ. ಸೊಸೆ ಸ್ಟಿಯರಿಂಗ್ ಹಿಡಿದಳು, ಪಕ್ಕದಲ್ಲಿ ಅಣ್ಣ, ಹಿಂದೆ ಅತ್ತಿಗೆ, ನಾನು, ಸ್ಟೆಪ್ನಿ. ಪ್ರತಿ ಸ್ಟಾಪಿನಲ್ಲೂ ಅಣ್ಣನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ವ್ಯಾನಿನ ತಳ ತೂತಾಗದಿದ್ದದ್ದು ನಮ್ಮ ಪುಣ್ಯ. ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಆ ಅಜ್ಜಿ ಮೂಟೆಯ ಸಮೇತ ಕೈಯೆತ್ತಿದಳು. ಸೊಸೆ ನಿಲ್ಲಿಸಲಿಲ್ಲ. ಅಜ್ಜಿ ಎತ್ತಿದ ಕೈ ಇಳಿಸದೆ ನಮ್ಮ ವಂಶಕ್ಕೆಲ್ಲ ಏನೋ ಅಂದದ್ದು ಬಹಳ ದೂರದವರೆಗೆ ಕೇಳಿಸಿತು.

ಸರ್ಕಲ್ ಕಂಡಿತು. ಕಾರಂಜಿ ಹತ್ತಿರ ಬಂತು. ನಾನು ಹಿಂದಿನಿಂದ ನೋಡುತ್ತಲೇ ಇದ್ದೆ. ಅಣ್ಣನ ಎರಡೂ ಕೈ ಅವನ ತೊಡೆಯ ಮೇಲಿಂದ ಎದ್ದು, ಗಾಳಿಯಲ್ಲೇ ಬಲಕ್ಕೆ ಒಂದು ಸುತ್ತು ತಿರುಗಿದವು. ಅವನೇ ಅವನ್ನು ನೋಡಿದ. ವ್ಯಾನು ನೇರ ಹೋಯಿತು. ಟೀ ಅಂಗಡಿ ಹಿಂದಾಯಿತು, ಕಂಬ ಹಿಂದಾಯಿತು. ಸ್ಟೆಪ್ನಿ ಎದ್ದು ನಿಂತು, ಇವರಿಗೆ ದಾರಿ ತಪ್ಪಿದೆ ಎಂದು ನನಗೆ ಬೊಗಳಿ ಹೇಳಿತು. ಅಣ್ಣ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತ.

ಸ್ವಲ್ಪ ದೂರದಲ್ಲಿ ಒಂದು ಮರದ ಕೆಳಗೆ ಸೊಸೆ ನಿಲ್ಲಿಸಿ ಇಳಿದಳು. ಕೀಲಿ ಅದರ ಜಾಗದಲ್ಲೇ ಇತ್ತು.

“ಬನ್ನಿ ಮಾವ, ಇಲ್ಲಿಂದ ನಿಮ್ಮದು.”

ಅಣ್ಣ ಈ ಕಡೆ ಬಂದು ಕೂತ. ನಾನೂ ಇಳಿದೆ. ಎಂಜಿನ್ ಓಡುತ್ತಿತ್ತು. ಗಾಡಿ ಅಲ್ಲಾಡಲಿಲ್ಲ. ಅವನು ರಸ್ತೆ ನೋಡುತ್ತ ಕೂತಿದ್ದ, ಹಿಂದಿನಿಂದ ಆ ಒಂದು ಮಾತು ಬರಲೆಂದು. ಅತ್ತಿಗೆ ಹಿಂದೆ ತುಟಿ ಬಿಗಿದು ಕೂತಿದ್ದಳು. ಎಷ್ಟು ಹೊತ್ತು ಹಾಗಿದ್ದರೆಂದರೆ ಆ ಮರ ಒಂದು ಸಲ ಎಲೆ ಉದುರಿಸಿ ಮತ್ತೆ ಚಿಗುರಿತು.

ಆಮೇಲೆ ಹಿಂಬಾಗಿಲು ತೆರೆಯಿತು. ಅತ್ತಿಗೆ ಇಳಿದಳು. ವಾಪಸು ನಡೆದುಬಿಡುತ್ತಾಳೆ ಅಂದುಕೊಂಡೆ. ಅವಳು ಸುತ್ತಿ ಬಂದು ಮುಂದಿನ ಬಾಗಿಲು ತೆಗೆದು ಅಣ್ಣನ ಪಕ್ಕ ಕೂತಳು. ಆ ಸೀಟಿನಲ್ಲಿ ಕೂರುವುದು ಹೇಗೆಂದು ತಿಳಿಯದೆ ಚೀಲವನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದಳು.

“ಇನ್ಮೇಲೆ ನಾನು ರೈಟ್ ಅನ್ನಲ್ಲ” ಅಂದಳು. “ನೀವೇ ನೋಡ್ಕೊಂಡು ಹೊರಡಿ. ತಪ್ಪು ದಾರಿಗೆ ಹೋದ್ರೆ ಬಾಯಿಬಿಟ್ಟು ಹೇಳ್ತೀನಿ.”

“ಹಿಂದುಗಡೆ ಯಾರು ನೋಡ್ತಾರೆ?”

“ಕನ್ನಡಿ ಇರೋದು ಮುಖ ನೋಡ್ಕೊಳ್ಳೋಕಾ ಡ್ರೈವರ್ರೇ?”

ಅಣ್ಣ ಕತ್ತು ಎತ್ತಿ ಕನ್ನಡಿಯಲ್ಲಿ ನೋಡಿದ. ಅದರಲ್ಲಿ ಅವನಿಗೆ ನಾನು ಕಂಡಿರಬೇಕು, ಸೊಸೆ ಕಂಡಿರಬೇಕು, ನಮ್ಮ ಹಿಂದೆ ಆ ಹಾಳು ಕಾರಂಜಿ ಕಂಡಿರಬೇಕು. ಗೇರು ಹಾಕಿದ. ವ್ಯಾನು ಹೊರಟಿತು. ಸ್ಟೆಪ್ನಿ ಹಿಂದಿನ ಗಾಜಿಗೆ ಮೂಗು ಒತ್ತಿ, ನಾವು ಚುಕ್ಕೆಯಾಗುವ ತನಕ ನಮ್ಮನ್ನೇ ನೋಡಿತು.

ಅವರು ಮುಂದೆ ಎಷ್ಟು ನದಿ ದಾಟಿದರು, ಯಾವ ಊರಿನ ಪೊಲೀಸರು ಬ್ರೆಡ್ಡು ಎಲ್ಲಿ ಎಂದು ಕೇಳಿ ವ್ಯಾನು ಹುಡುಕಿದರು, ಅತ್ತಿಗೆ ಬಾಯಿಬಿಟ್ಟು ಹೇಳಲು ಶುರುಮಾಡಿದ ಮೇಲೆ ಅದನ್ನು ಮುಚ್ಚಿಸಲು ಅಣ್ಣ ಪಟ್ಟ ಪಾಡೇನು, ಕಡಲು ಕಂಡ ನಾಯಿ ಅದನ್ನು ಎಷ್ಟು ಹೊತ್ತು ಬೊಗಳಿ ಹಿಂದಕ್ಕೆ ಅಟ್ಟಿತು, ಎಲ್ಲ ನನಗೆ ಗೊತ್ತಿದೆ. ಅವರಿಗಿಂತ ಚೆನ್ನಾಗಿ ಗೊತ್ತಿದೆ. ಅದನ್ನು ಕೇಳಬೇಕಾದರೆ ಗಡ್ಡ ಸಾಲದು, ತಲೆಯನ್ನೂ ನನಗೆ ಒಪ್ಪಿಸಬೇಕು.

ಆವತ್ತು ನಾನೂ ಸೊಸೆಯೂ ಬಿಸಿಲಲ್ಲಿ ನಡೆದು ಸರ್ಕಲ್ಲಿಗೆ ಬಂದೆವು. ಬಸ್ಸು ನಿಂತಿತ್ತು. ಅದೇ ರೂಟಿನ ಬಸ್ಸು, ಹೊಸ ಕಂಡಕ್ಟರು. ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ. ಸೊಸೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತಳು.

“ಈ ಬಸ್ಸು ಹೋಗ್ಲಿ ಚಿಕ್ಕಮಾವ.”

ಹೋಯಿತು. ಟೀ ಕುಡಿದೆವು. ಅವಳ ಫೋನು ರಿಂಗಾಯಿತು. ಮಗ. ಅನ್ನಕ್ಕೆ ನೀರು ಎಷ್ಟು ಎಂದು ಕೇಳುತ್ತಿದ್ದ. ಅವನ ದನಿ ನನಗೂ ಕೇಳುತ್ತಿತ್ತು, ಹಿಂದೆ ಏನೋ ಉಕ್ಕುವ ಸದ್ದೂ ಕೇಳುತ್ತಿತ್ತು. ಅವಳು ಹೇಳಿದಳು. ಎಷ್ಟು ಹೊತ್ತಿ‌ಗೆ ಬರುತ್ತೀಯ ಎಂದು ಅವನು ಕೇಳಿದ್ದಕ್ಕೆ, ಬಸ್ಸು ಸಿಗಬೇಕಲ್ಲ ಅಂದಳು. ಆಗ ಇನ್ನೊಂದು ಬಸ್ಸು ನಮ್ಮ ಮುಂದೆಯೇ ಕಾರಂಜಿ ಸುತ್ತಿ ನಿಂತಿತ್ತು, ಮುಕ್ಕಾಲು ಖಾಲಿ.

ಸಂಜೆ ಅವಳು ವಾರ್ಡಿಗೆ ಹೋಗಬೇಕಿತ್ತು. ಹಿರಿಯ ನರ್ಸಾಗಿ ಅದು ಮೊದಲನೆಯ ರಾತ್ರಿ. ನಾನು ನೆನಪಿಸಿದೆ. ಗೊತ್ತು ಅಂದಳು. ಎದ್ದು, ಬಸ್ಸಿನ ಹಿಂದಿನಿಂದ ಸುತ್ತಿ, ಕಾರಂಜಿ ದಾಟಿ, ವ್ಯಾನು ಹೋದ ರಸ್ತೆಯ ಅಂಚಿಗೆ ಹೋಗಿ ನಿಂತಳು. ರಸ್ತೆ ಖಾಲಿಯಿತ್ತು. ಆ ಕಡೆಯಿಂದ ಬರುವ ಗಾಳಿಗೆ ಅವಳ ಸೆರಗು ಹಿಂದಕ್ಕೆ ಹಾರುತ್ತಿತ್ತು. ಅದನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಕೆಲಸಕ್ಕೆ ಇಳಿಯುವ ಮುಂಚೆ ಸಿಕ್ಕಿಸಿಕೊಳ್ಳುವ ಹಾಗೆ. ಹಾಗೇ ನಿಂತಿದ್ದಳು.

ಈ ಬಸ್ಸಿನ ಕಂಡಕ್ಟರು ನನ್ನನ್ನು ನೋಡಿ, ಬರುವವರು ಬೇಗ ಬನ್ನಿ ಎಂದು ಕೂಗಿದ.

ನಾನು ಟೀಯವನಿಗೆ ಇನ್ನೆರಡು ಟೀ ಹಾಕಲು ಹೇಳಿದೆ.